ಮನೆಯಲ್ಲೇ ಭಾವಗೀತೆ ರೆಕಾರ್ಡಿಂಗ್: ಮೈಕ್ ಇಡುವ ಬಗ್ಗೆ ನನ್ನ ಅನುಭವ

ನನ್ನ ಹತ್ತಿರ ಇರುವುದು ಆಡಿಯೋ-ಟೆಕ್ನಿಕಾ ಎಟಿ2020 ಕಂಡೆನ್ಸರ್ ಮೈಕ್, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಸಣ್ಣ ಆಡಿಯೋ ಇಂಟರ್‌ಫೇಸ್, ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್, ಒಂದು ಸ್ಟ್ಯಾಂಡ್. ಭಾವಗೀತೆಗೆ ಇಷ್ಟು ಧಾರಾಳ ಸಾಕು. ಇದಕ್ಕಿಂತ ದುಬಾರಿ ಮೈಕ್ ಹುಡುಕುವ ಮೊದಲು ಇರುವುದನ್ನು ಎಲ್ಲಿ, ಯಾವ ಕಡೆಗೆ ಮುಖ ಮಾಡಿ ಇಡುತ್ತೀರಿ ಅಂತ ನೋಡಿ.

ಈ ಮೈಕ್‌ಗೆ ತುದಿಯಿಂದಲ್ಲ, ಪಕ್ಕದಿಂದ ಹಾಡಬೇಕು. ಕಂಪನಿಯ ಗುರುತು ಇರುವ ಕಡೆಯೇ ಅದರ ಮುಖ. ಕಾರ್ಡಿಯಾಯ್ಡ್ (ಮುಂದಿನ ಶಬ್ದವನ್ನೇ ಹೆಚ್ಚು ಹಿಡಿಯುವ ಬಗೆ) ಆದ್ದರಿಂದ ಬೆನ್ನ ಕಡೆಯ ಶಬ್ದ ಅದಕ್ಕೆ ತೀರಾ ಕಮ್ಮಿ ಕೇಳಿಸುತ್ತದೆ. ಹಾಗಾಗಿ ರಸ್ತೆ ಕಡೆಯ ಕಿಟಕಿಗೆ ಮೈಕಿನ ಬೆನ್ನು ಮಾಡಿ, ನಾನು ಕಿಟಕಿ ಕಡೆ ನೋಡುತ್ತಾ ಹಾಡುತ್ತೇನೆ. ಆಗ ನನ್ನ ಹಿಂದಿನ ಗೋಡೆ ಮೈಕಿನ ಕಣ್ಣೆದುರೇ ಬರುತ್ತದೆ, ಕೋಣೆ ಗುಂಯ್ ಅನ್ನುವುದು ಹೆಚ್ಚಾಗಿ ಅಲ್ಲಿಂದಲೇ. ಎಷ್ಟೋ ಜನ ಮೈಕಿನ ಹಿಂದೆ ಫೋಮ್ ಅಂಟಿಸುತ್ತಾರೆ. ನಾನು ನನ್ನ ಬೆನ್ನ ಹಿಂದೆ ಹಗ್ಗ ಕಟ್ಟಿ ದಪ್ಪ ರಜಾಯಿ ಇಳಿಬಿಡುತ್ತೇನೆ, ಬಟ್ಟೆ ತುಂಬಿದ ಬೀರುವಿನ ಬಾಗಿಲನ್ನೂ ತೆರೆದಿಡುತ್ತೇನೆ. ಫ್ಯಾನ್ ಆಫ್.

ಕೇಬಲ್ ಮೊದಲು ಜೋಡಿಸಿ, ಗೇನ್ (ಮೈಕಿನ ಶಬ್ದ ಏರಿಸುವ ತಿರುಗುಗುಂಡಿ) ಸೊನ್ನೆಯಲ್ಲಿಟ್ಟು, ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ವಿದ್ಯುತ್ತಿನ ಸ್ವಿಚ್ ಆಮೇಲೆ ಹಾಕಿ. ಗೇನ್ ಹೊಂದಿಸುವಾಗ ಸುಮ್ನೆ "ಹಲೋ ಹಲೋ" ಅಂದರೆ ಉಪಯೋಗವಿಲ್ಲ. ಹಾಡಿನಲ್ಲಿ ಎಲ್ಲಕ್ಕಿಂತ ಜೋರಾಗಿ ಏರುವ ಸಾಲನ್ನೇ ಹಾಡಿ, ಮೀಟರ್ ಮೈನಸ್ 10 ಡೆಸಿಬೆಲ್ ಹತ್ತಿರ ನಿಲ್ಲುವಂತೆ ನೋಡಿಕೊಳ್ಳಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಅದಕ್ಕಿಂತ ಜಾಸ್ತಿ ಬೇಕಿಲ್ಲ.

ಇನ್ನು ದೂರ. ಬಾಯಿಗೂ ಮೈಕಿಗೂ ಒಂದು ಗೇಣು, ಮೈಕಿಗೂ ಪಾಪ್ ಫಿಲ್ಟರಿಗೂ ನಾಲ್ಕು ಬೆರಳು. ಕನ್ನಡ ಹಾಡಿನಲ್ಲಿ ಮಹಾಪ್ರಾಣ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ: "ಭಾವ", "ಫಲ" ಅಂದಾಗ ಬಾಯಿಂದ ಹೊರಡುವ ಗಾಳಿ ನೇರ ಹೊಡೆದರೆ ಧಬ್ ಅನ್ನುತ್ತದೆ. ಅದಕ್ಕೆ ಮೈಕನ್ನು ಬಾಯಿಯ ನೇರಕ್ಕೆ ಇಡದೆ, ಮೂಗಿನ ಮಟ್ಟಕ್ಕೆ ಏರಿಸಿ ಸ್ವಲ್ಪ ಕೆಳಗೆ ಬಾಗಿಸುತ್ತೇನೆ. ಗಾಳಿ ಕೆಳಗಿಂದ ಹಾದುಹೋಗುತ್ತದೆ, ದನಿ ಮಾತ್ರ ಸಿಗುತ್ತದೆ. ಮಂದ್ರದಲ್ಲಿ ಮೆಲ್ಲಗೆ ಹಾಡುವಾಗ ತುಸು ಹತ್ತಿರ ಬಂದರೆ ದನಿಗೆ ಒಳ್ಳೆ ತೂಕ ಬರುತ್ತದೆ. ತೀರಾ ಹತ್ತಿರ ಹೋದರೆ ಬೇಸ್ ಉಬ್ಬಿ ಅಕ್ಷರ ಮಸುಕಾಗುತ್ತದೆ.

ಶ್ರುತಿಗೆ ತಂಬೂರಿಯನ್ನು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲೇ ಕೇಳಬೇಕು, ಇಲ್ಲದಿದ್ದರೆ ಅದೂ ಮೈಕಿಗೆ ಸೋರುತ್ತದೆ. ನಮ್ಮ ದನಿ ತಡವಾಗಿ ಕೇಳಿಸಿದರೆ ತಾಳ ತಪ್ಪುತ್ತದೆ ಅಲ್ವಾ, ಹಾಗಾಗಿ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ (ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಕೇಳಿಸುವ ಸೌಲಭ್ಯ) ಆನ್ ಇರಲಿ.

ನಮ್ಮದು ಕರಾವಳಿ. ಮಳೆಗಾಲದ ತೇವ ಕಂಡೆನ್ಸರ್ ಮೈಕ್‌ಗೆ ಆಗಿಬರುವುದಿಲ್ಲ, ಚಟಪಟ ಶಬ್ದ ಶುರುವಾಗಬಹುದು. ಕೆಲಸ ಮುಗಿದ ಕೂಡಲೇ ಗಾಳಿಯಾಡದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ತುಂಬಿದೆ ಅಂತ, ಆಗ ಬದಲಾಯಿಸಬೇಕು.