ಟರ್ಬೊ ಬಿಚ್ಚದೆ ಎಂಜಿನ್‌ನ ಕುಂಯ್‌ ಸದ್ದಿನ ಮೂಲ ಹಿಡಿದ ನನ್ನ ಅನುಭವ

ಎಂಜಿನ್‌ ವೇಗದೊಂದಿಗೆ ಏರುತ್ತ ಇಳಿಯುತ್ತ ಹೋಗುವ ಕುಂಯ್‌ ಸದ್ದು ಕೇಳಿದೊಡನೆ ಕಲಬುರಗಿಯ ಗ್ಯಾರೇಜುಗಳಲ್ಲಿ ಮೊದಲು ಬರುವ ಮಾತು ‘ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗಿದೆ’ ಎಂಬುದು. ಸೇಡಂ ರಸ್ತೆಯಲ್ಲಿ ಬಾಡಿಗೆಗೆ ಓಡುವ 1.3 ಲೀಟರ್‌ ಡೀಸೆಲ್‌ ಕಾರಿನ ಮಾಲೀಕರು ನನ್ನ ಬಳಿ ಬರುವ ಮೊದಲೇ ಬೆಲ್ಟು, ಅದನ್ನು ಬಿಗಿಹಿಡಿದು ಸಾಗಿಸುವ ಟೆನ್ಷನರ್‌, ಐಡ್ಲರ್‌ ಪುಲಿಗಳಿಗೆ ಸುಮಾರು 3,500 ರೂಪಾಯಿ ಸುರಿದಿದ್ದರು. ಟರ್ಬೊಗೆ ಇನ್ನೂ 18–20 ಸಾವಿರ ಬೇಕೆಂದು ಅವರಿಗೆ ಹೇಳಲಾಗಿತ್ತು.

ನಾನು ಟರ್ಬೊವನ್ನು ಮುಟ್ಟಲಿಲ್ಲ. ಟರ್ಬೊದ ಸದ್ದು ಎಂಜಿನ್‌ ಮೇಲೆ ಭಾರ ಬಿದ್ದಾಗ ಜೋರಾಗಬೇಕು. ಇದಾದರೋ ನ್ಯೂಟ್ರಲ್‌ನಲ್ಲಿ ನಿಂತಲ್ಲೇ ಕೇಳಿಸುತ್ತಿತ್ತು, ಹೆಡ್‌ಲೈಟ್‌ ಮತ್ತು ಬ್ಲೋವರ್‌ ಹಾಕಿದರೆ ದಪ್ಪಗಾಗುತ್ತಿತ್ತು. ಬೆಲ್ಟ್‌ ಕಳಚಿ ಸ್ಟಾರ್ಟ್‌ ಮಾಡಿದಾಗ ಸದ್ದು ಪೂರ್ತಿ ನಿಂತಿತು. ವಾಟರ್‌ ಪಂಪ್‌ ಕೂಡ ಅದೇ ಬೆಲ್ಟಿನ ಮೇಲಿರುವುದರಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಲಿಲ್ಲ.

ಹೀಗಾಗಿ ನನ್ನ ಅನುಮಾನ ಅದೇ ಬೆಲ್ಟಿನಿಂದ ತಿರುಗಿ ಲೈಟು, ಬ್ಯಾಟರಿಗೆ ವಿದ್ಯುತ್‌ ಕೊಡುವ ಆಲ್ಟರ್ನೇಟರ್‌ ಮೇಲೆ ಹೋಯಿತು. ಚಾರ್ಜಿಂಗ್‌ 13.6 ವೋಲ್ಟ್‌ ಇದ್ದುದರಿಂದ ಆಲ್ಟರ್ನೇಟರ್‌ ಸರಿಯಾಗಿಯೇ ಇದೆ, ಹೆಚ್ಚೆಂದರೆ ಬೇರಿಂಗ್‌ ಹೋಗಿರಬೇಕು ಎಂದು ಪರಿಚಯದ ಆಟೊ ಎಲೆಕ್ಟ್ರೀಷಿಯನ್‌ ಪಟ್ಟು ಹಿಡಿದರು. ಅವರ ಮಾತಿನಂತೆ ಎರಡೂ ಬೇರಿಂಗ್‌ ಬದಲಾದವು, ಕೂಲಿ ಸೇರಿ 700 ರೂಪಾಯಿ ಆಯಿತು, ಸದ್ದು ಮಾತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಮಾಲೀಕರು ಟರ್ಬೊ ಕಡೆಗೇ ವಾಲತೊಡಗಿದರು.

ನನ್ನ ವಿಧಾನ ಇದು. ಬೆಲ್ಟ್‌ ಇದ್ದಂತೆಯೇ, ಎಂಜಿನ್‌ ಬಂದ್‌ ಇದ್ದಾಗ ಆಲ್ಟರ್ನೇಟರಿನ ಚಿಕ್ಕ ಪ್ಲಗ್‌ ಎಳೆದು, ಆಮೇಲೆ ಸ್ಟಾರ್ಟ್‌ ಮಾಡುವುದು. ಹೀಗೆ ಮಾಡಿದರೆ ಈ ಗಾಡಿಯಲ್ಲಿ ರೋಟರ್‌ (ಆಲ್ಟರ್ನೇಟರಿನೊಳಗೆ ತಿರುಗುವ ಭಾಗ) ತಿರುಗುತ್ತದೆ, ಆದರೆ ಅದಕ್ಕೆ ಕಾಂತಶಕ್ತಿ ಬರುವುದಿಲ್ಲ. ಬೇರಿಂಗ್‌ ಸದ್ದಾಗಿದ್ದರೆ ಉಳಿಯಬೇಕು, ವಿದ್ಯುತ್ತಿನ ಸದ್ದಾಗಿದ್ದರೆ ಅಡಗಬೇಕು. ಅಡಗಿತು. ಎಂಜಿನ್‌ ಓಡುವಾಗ ಬ್ಯಾಟರಿಯ ಕೇಬಲ್‌ ತೆಗೆದು ಪರೀಕ್ಷಿಸುವ ಹಳೆಯ ಚಾಳಿಯನ್ನು ದಯವಿಟ್ಟು ಯಾರೂ ಮಾಡಬೇಡಿ, ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್‌ ಮತ್ತು ಇಸಿಎಂ (ಎಂಜಿನ್‌ ನಡೆಸುವ ಕಂಪ್ಯೂಟರ್‌) ಎರಡೂ ಸುಟ್ಟುಹೋಗಬಹುದು.

ಪ್ಲಗ್‌ ಮತ್ತೆ ಹಾಕಿ, ಲೈಟು ಉರಿಸಿ, ಮಲ್ಟಿಮೀಟರನ್ನು ಎಸಿ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್‌) ವೋಲ್ಟಿಗೆ ತಿರುಗಿಸಿ ನೋಡಿದಾಗ 0.8ರ ಆಸುಪಾಸು ತೋರಿಸಿತು. ಒಳ್ಳೆಯ ಆಲ್ಟರ್ನೇಟರಿನಲ್ಲಿ ಇದು ಸಾಮಾನ್ಯವಾಗಿ 0.1ರ ಒಳಗೇ ಇರುತ್ತದೆ, 0.5 ದಾಟಿದರೆ ಮೊದಲು ನೋಡಬೇಕಾದದ್ದು ಡಯೋಡ್‌, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಟ್ಟು ಎಸಿಯನ್ನು ಡಿಸಿ ಮಾಡುವ ಭಾಗ. ಡಯೋಡ್‌ ಪ್ಲೇಟ್‌ ಬಿಚ್ಚಿ ನೋಡಿದರೆ ಆರರಲ್ಲಿ ಒಂದು ಡಯೋಡ್‌ ಎರಡೂ ದಿಕ್ಕಿಗೆ ಕರೆಂಟ್‌ ಬಿಡುತ್ತಿತ್ತು. ಉಳಿದ ಐದು ಹೇಗೋ ಚಾರ್ಜಿಂಗ್‌ ಎಳೆದುಕೊಂಡು ಹೋಗುತ್ತಿದ್ದುದರಿಂದಲೇ ವೋಲ್ಟ್‌ ಮೀಟರ್‌ ಎಲ್ಲರನ್ನೂ ದಾರಿ ತಪ್ಪಿಸಿತ್ತು.

ಈ ನಡುವೆ ಕುತೂಹಲಕ್ಕೆ ಫೋನಿನ ಧ್ವನಿ ಅಳೆಯುವ ಆಪ್‌ನಲ್ಲೂ ಪರೀಕ್ಷಿಸಿದ್ದೆ. ಎಂಜಿನ್‌ 2,000 ಆರ್‌ಪಿಎಂನಲ್ಲಿದ್ದಾಗ, ಪುಲಿ ಅನುಪಾತ ಎರಡೂವರೆ ಎಂದು ಹಿಡಿದರೆ, ರೋಟರ್‌ ನಿಮಿಷಕ್ಕೆ 5,000 ಸುತ್ತು ತಿರುಗುತ್ತದೆ. ಅದಕ್ಕೆ ಹನ್ನೆರಡು ಕಾಂತಧ್ರುವಗಳು, ಅಂದರೆ ಆರು ಜೋಡಿ, ಇರುವುದರಿಂದ ಒಂದು ಫೇಸ್‌ಗೆ (ಆಲ್ಟರ್ನೇಟರಿನ ಮೂರು ಸುರುಳಿಗಳಲ್ಲಿ ಒಂದಕ್ಕೆ) ಸುಮಾರು 500 ಹರ್ಟ್ಜ್‌. ಪರದೆಯ ಮೇಲೆ ಎದ್ದು ನಿಂತ ಗೆರೆಗಳು ಹೆಚ್ಚುಕಡಿಮೆ ಅದರ ಗುಣಕಗಳ ಮೇಲೆಯೇ ಇದ್ದವು. ಬೇರಿಂಗ್‌ ಸದ್ದು ಇಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ.

ಹೊಸ ಡಯೋಡ್‌ ಪ್ಲೇಟಿಗೆ 1,300 ರೂಪಾಯಿ ಆಸುಪಾಸು ಆಯಿತು. ಸ್ಟೇಟರ್‌ (ರೋಟರಿನ ಸುತ್ತ ಕದಲದೆ ಕೂತಿರುವ ಸುರುಳಿ) ತಂತಿಯ ಬೆಸುಗೆ ಬಿಡಿಸಿ ಕೂರಿಸುವಾಗ ಪಕ್ಕದ ಡಯೋಡಿಗೆ ಕಾವು ತಗಲದಂತೆ ನಾನು ಮಾಡುವ ಒಂದು ಉಪಾಯವಿದೆ; ಅದು ನನ್ನ ಕಸುಬಿನ ಗುಟ್ಟು, ಇಲ್ಲಿ ಬರೆಯಲಾರೆ. ಹಳೆಯ ಪ್ಲೇಟಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿಚಿದ ಧೂಳು ಗಟ್ಟಿಯಾಗಿ ಕೂತಿತ್ತು. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್‌ ಲಾರಿಗಳ ಹಿಂದೆ ದಿನವಿಡೀ ಓಡುವ ಗಾಡಿಯಲ್ಲಿ, ಅದೂ ನಮ್ಮ ಮೇ ತಿಂಗಳ 42–43 ಡಿಗ್ರಿ ಬಿಸಿಲಿನಲ್ಲಿ, ಡಯೋಡಿನ ಕಾವು ಹೊರಹೋಗಲು ದಾರಿಯೇ ಇರುವುದಿಲ್ಲ. ಅದಕ್ಕಾಗಿ ಇಂಥ ಗಾಡಿಗಳ ಆಲ್ಟರ್ನೇಟರನ್ನು ನಾನೀಗ ಪ್ರತಿ ಸರ್ವಿಸ್‌ನಲ್ಲೂ ಕಡಿಮೆ ಒತ್ತಡದ ಗಾಳಿಯಿಂದ ಊದಿಸುತ್ತೇನೆ.

ಆಮೇಲೆ ಜೇವರ್ಗಿ ಕಡೆಯ ಪಿಕಪ್‌ ಒಂದು ಇದೇ ಸದ್ದಿನೊಂದಿಗೆ ಬಂತು. ಅದರಲ್ಲಿ ಪ್ಲಗ್‌ ಎಳೆದರೂ ಸದ್ದು ನಿಲ್ಲಲಿಲ್ಲ, ಸ್ಟೀರಿಂಗನ್ನು ತುದಿಯವರೆಗೆ ತಿರುವಿದಾಗ ಇನ್ನೂ ಜೋರಾಯಿತು, ಸ್ಟೀರಿಂಗ್‌ ಎಣ್ಣೆಯ ಡಬ್ಬಿಯಲ್ಲಿ ನೊರೆ ಎದ್ದಿತ್ತು. ಪಂಪಿಗೆ ಎಣ್ಣೆ ಹೋಗುವ ಹೋಸಿನ ಕ್ಲಿಪ್‌ ಸಡಿಲಾಗಿ ಗಾಳಿ ಎಳೆಯುತ್ತಿತ್ತು. 20 ರೂಪಾಯಿಯ ಹೊಸ ಕ್ಲಿಪ್‌ ಬಿಗಿದು, ಗಾಳಿ ಹೊರಡುವವರೆಗೆ ಸ್ಟೀರಿಂಗನ್ನು ಅತ್ತಿತ್ತ ತಿರುವಿ ಕಳುಹಿಸಿದೆ.