ಬೈಬಲಿನ ಮನೆತನಗಳ ಕಥೆಯನ್ನು ಮನೆಮಂದಿಯೆಲ್ಲ ಕೂಡಿ ಓದುವ ಕ್ರಮ

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ನಾಲ್ಕನೇ ಅಧ್ಯಾಯದಲ್ಲೇ ಅಣ್ಣ ತಮ್ಮನನ್ನು ಕೊಲ್ಲುತ್ತಾನೆ. ಮುಂದೆ ಬರುವ ಅಬ್ರಹಾಮ, ಯಾಕೋಬ, ದಾವೀದ ಇವರ ಮನೆಗಳಲ್ಲೂ ಜಗಳ, ಮೋಸ, ಭೇದಭಾವ ತುಂಬಿವೆ. ಆದ್ದರಿಂದ ‘ಇವರಂಗ ಇರ್ರಿ’ ಎಂದು ಮಕ್ಕಳಿಗೆ ಹೇಳಲು ಈ ಕಥೆಗಳನ್ನು ಬಳಸಬೇಡಿ. ಯಾರು ಯಾರಿಗೆ ಏನು ಹೇಳಿದರು, ಯಾರಿಂದ ಮುಚ್ಚಿಟ್ಟರು, ಆಮೇಲೆ ಏನಾಯಿತು ಎಂದು ಹುಡುಕುತ್ತ ಓದಿ.

ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಯ ಕ್ರೈಸ್ತ ಮನೆಗಳಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಇದ್ದರೆ ಅದೇ ಹೊತ್ತು ಸಾಕು. ವಾರಕ್ಕೊಂದು ಅಧ್ಯಾಯ, ಮುಕ್ಕಾಲು ತಾಸು. ಆದಿಕಾಂಡ 27ರಿಂದ ಶುರು ಮಾಡಿ, 46 ವಚನಗಳಿವೆ. ಅಪ್ಪ ಇಸಾಕ, ತಾಯಿ ರೆಬೆಕ್ಕ, ಹಿರಿಮಗ ಏಸಾವ, ಕಿರಿಮಗ ಯಾಕೋಬ ಇವರ ಮಾತುಗಳನ್ನು ನಾಲ್ವರು ಹಂಚಿಕೊಳ್ಳಲಿ, ಉಳಿದದ್ದನ್ನು ಐದನೆಯವರು ಓದಲಿ. ಇಸಾಕನ ಮಾತನ್ನು ಮನೆಯ ಮಗನಿಗೂ ಯಾಕೋಬನ ಮಾತನ್ನು ಅಪ್ಪನಿಗೂ ಕೊಡಿ. ವಾರಸಾ ಮಾಡಿಸಲು ಬರೆಯುವ ವಂಶಾವಳಿಯಂತೆ ನಾಲ್ಕೂ ಹೆಸರನ್ನು ಹಾಳೆಯ ಮೇಲೆ ಬರೆದು, ಇಬ್ಬರು ಮಾತಾಡಿದಾಗಲೆಲ್ಲ ಅವರ ನಡುವೆ ಗೆರೆ ಎಳೆಯಿರಿ.

ಓದಿ ಮುಗಿಸಿ ಹಾಳೆ ನೋಡಿ. ನಾಲ್ವರೂ ಒಟ್ಟಿಗೆ ಕೂತು ಮಾತಾಡಿದ್ದು ಒಮ್ಮೆಯೂ ಇಲ್ಲ. ‘ಬೇಟೆಯಾಡಿ ಅಡಿಗೆ ಮಾಡಿ ತಾ, ಆಶೀರ್ವದಿಸುತ್ತೇನೆ’ ಎಂದು ಇಸಾಕ ಏಸಾವನಿಗೆ ಹೇಳಿದ್ದನ್ನು ರೆಬೆಕ್ಕ ಮರೆಯಿಂದ ಕೇಳಿಸಿಕೊಂಡು, ಗಂಡನನ್ನು ಕೇಳದೆ ನೇರ ಯಾಕೋಬನ ಹತ್ತಿರ ಹೋಗುತ್ತಾಳೆ. ಅವನು ಏಸಾವನ ವೇಷದಲ್ಲಿ ಹೋಗಿ ಆ ಆಶೀರ್ವಾದ ಪಡೆಯುತ್ತಾನೆ. ರೆಬೆಕ್ಕ ಮತ್ತು ಏಸಾವನ ನಡುವೆ ಗೆರೆಯೇ ಬೀಳುವುದಿಲ್ಲ. ಗಂಡ ಹೆಂಡತಿಯ ಮಾತು ಬರುವುದು ಕೊನೆಯ ವಚನದಲ್ಲಿ ಮಾತ್ರ. ಅಲ್ಲಿಯೂ ಆಕೆ, ಯಾಕೋಬನನ್ನು ಕೊಲ್ಲಬೇಕೆಂಬ ಏಸಾವನ ಯೋಚನೆಯನ್ನು ಬಾಯಿಬಿಡದೆ ಸೊಸೆಯಂದಿರ ದೂರು ಹೇಳುತ್ತಾಳೆ. ಬೇರು ಎಲ್ಲಿದೆ ಎಂದು ತಿಳಿಯಲು 25ನೇ ಅಧ್ಯಾಯದ 28ನೇ ವಚನಕ್ಕೆ ಹಿಂದಿರುಗಿ: ಬೇಟೆಯ ಮಾಂಸದ ಆಸೆಗೆ ಇಸಾಕನಿಗೆ ಏಸಾವ ಇಷ್ಟ, ರೆಬೆಕ್ಕಳಿಗೆ ಯಾಕೋಬ. ‘ಕೆಲವು ದಿನ ಇದ್ದು ಬಾ’ ಎಂದು ರೆಬೆಕ್ಕ ಕಳಿಸಿದ ಯಾಕೋಬ ಸೋದರಮಾವ ಲಾಬಾನನ ಮನೆಯಲ್ಲಿ 20 ವರ್ಷ ಉಳಿಯುತ್ತಾನೆ. ತಾಯಿ ಮಗ ಮತ್ತೆ ಭೇಟಿಯಾದರೆಂದು ಎಲ್ಲೂ ಬರೆದಿಲ್ಲ. ಈ ಮಾತಿಗೆ ಬಂದಾಗ ಸ್ವಲ್ಪ ಹೊತ್ತು ನಿಲ್ಲಿ.

ಈಗ ಹಾಳೆ ತಿರುವಿ ನಿಮ್ಮ ಮನೆಯವರ ಹೆಸರು ಬರೆಯಿರಿ. ಈಚಿನ ಒಂದೇ ಒಂದು ವಿಷಯ ಆರಿಸಿ: ಮಗಳ ಕಾಲೇಜು, ಅಜ್ಜನ ಕಣ್ಣಿನ ಆಪರೇಶನ್, ಬೆಂಗಳೂರಿನ ಮಗ ಕಳಿಸುವ ರೊಕ್ಕ. ಎದುರಾಎದುರು ಆಡಿದ ಮಾತಿಗೆ ಪೂರ್ತಿ ಗೆರೆ, ಮೊಬೈಲಿನ ಮಾತಿಗೆ ಚುಕ್ಕಿಗೆರೆ. ಯಾವ ಗೆರೆಯೂ ಮುಟ್ಟದ ಹೆಸರು ಹೆಚ್ಚಾಗಿ ಅಜ್ಜಿಯದು, ಇಲ್ಲವೇ ಸೊಸೆಯದು. ಅವರನ್ನು ‘ಯಾಕ ಸಿಟ್ಟಾಗೀರಿ?’ ಎಂದು ಕೇಳಿದರೆ ‘ಏನಿಲ್ಲ ಬಿಡ್ರಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಇದು ನಿಮಗ ಯಾವಾಗ ಗೊತ್ತಾತು? ಯಾರು ಹೇಳಿದ್ರು?’ ಎಂದು ಕೇಳಿ.

‘ನೀ ಥೇಟ್ ಏಸಾವ ಇದ್ದಂಗ’ ಎಂದು ಯಾರಾದರೂ ಬೊಟ್ಟು ಮಾಡಿದರೆ ಅವತ್ತಿನ ಓದು ಕೆಟ್ಟಂತೆ. ಮನೆಯವರಿಗೆ ಬೈಬಲಿನ ಹೆಸರು ಹಚ್ಚಬಾರದೆಂದು ಮೊದಲೇ ಒಪ್ಪಿಕೊಳ್ಳಿ.

ಆಸ್ತಿ ಪಾಲಾಗುವ ಮನೆಯವರು ಆದಿಕಾಂಡ 13 ಓದಲಿ. ಜಗಳ ಹತ್ತಿದ್ದು ದನಕಾಯುವವರ ನಡುವೆ. ಅದು ತಮ್ಮಿಬ್ಬರಿಗೆ ತಟ್ಟುವ ಮುಂಚೆಯೇ ಅಬ್ರಾಮ (ಮುಂದೆ ಅಬ್ರಹಾಮನೆನಿಸಿದವನು) ಸೋದರನ ಮಗ ಲೋಟನೊಡನೆ ಮಾತಾಡುತ್ತಾನೆ, ಹಿರಿಯನಾಗಿದ್ದೂ ಆರಿಸುವ ಹಕ್ಕನ್ನು ಅವನಿಗೆ ಬಿಡುತ್ತಾನೆ. ಇದನ್ನು ಹಾಗೆಯೇ ಮಾಡಬಹುದು. ಎರಿ ಹೊಲ, ಮಸಾರಿ ಹೊಲ, ಬೋರ್‌ವೆಲ್, ಮನೆ ಎಲ್ಲವನ್ನೂ ಉತಾರ (ಆಸ್ತಿಯ ದಾಖಲೆ) ನೋಡಿ ಒಂದೇ ಪಟ್ಟಿಯಲ್ಲಿ ಬರೆಯಿರಿ. ಪಾಲು ಹಿರಿಯ ಮಾಡಲಿ, ಮೊದಲು ಆರಿಸುವವನು ಕಿರಿಯ. ಕೊನೆಗೆ ಉಳಿದದ್ದು ತನಗೇ ಎಂದು ಗೊತ್ತಿದ್ದವನು ಪಾಲನ್ನು ಸಮನಾಗಿಯೇ ಮಾಡುತ್ತಾನೆ. 14ನೇ ಅಧ್ಯಾಯವನ್ನೂ ಬಿಡಬೇಡಿ: ಬೇರೆಯಾದ ಮೇಲೂ ಲೋಟ ಸೆರೆಸಿಕ್ಕಾಗ 318 ಜನರನ್ನು ಕರೆದುಕೊಂಡು ಬಿಡಿಸಲು ಹೋದವನು ಅದೇ ಅಬ್ರಾಮ.

ಹೆಣ್ಣುಮಕ್ಕಳ ಪಾಲಿನ ಮಾತು ಬಂದಾಗ ಅರಣ್ಯಕಾಂಡ 27ನ್ನು ಎಚ್ಚರದಿಂದ ಬಳಸಿ. ಚಲ್ಪಹಾದನ ಐವರು ಹೆಣ್ಣುಮಕ್ಕಳಿಗೆ ಅಣ್ಣತಮ್ಮಂದಿರಿರಲಿಲ್ಲ. ಹಾಗಾಗಿ ಸೋದರರಿರುವ ತಂಗಿಯ ಹಕ್ಕು ಈ ಅಧ್ಯಾಯದಿಂದ ಸಿದ್ಧವಾಗದು. ಆದರೆ ಆ ಐವರು ಮೋಶೆಯ ಮುಂದೆ, ಇಡೀ ಸಭೆಯ ಎದುರು ನಿಂತು ತಂದೆಯ ಪಾಲನ್ನು ಕೇಳಿದರು, ಅವರ ಮಾತು ನ್ಯಾಯವೆಂದು ದೇವರೇ ಹೇಳಿದನು. ಹಕ್ಕನ್ನು ಕೊಡುವುದು ಕಾನೂನು: ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ತಾಯಿಗೆ ಮೂರರಲ್ಲೊಂದು ಪಾಲು, ಉಳಿದದ್ದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮ. ತಂಗಿಗೆ ಇದನ್ನು ತಿಳಿಸದೆ ಹಕ್ಕುಬಿಡುವ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಅನ್ಯಾಯ.

2 ಸಮುವೇಲ 13ನ್ನು ಚಿಕ್ಕ ಮಕ್ಕಳ ಮುಂದೆ ಓದಬೇಡಿ. ದಾವೀದನ ಮಗಳು ತಾಮಾರಳ ಮೇಲೆ ಆಕೆಯ ಮಲಅಣ್ಣ ಅಮ್ನೋನ ಅತ್ಯಾಚಾರ ಮಾಡಿದಾಗ ‘ಸುಮ್ಮನಿರು, ಅವನು ನಿನ್ನ ಅಣ್ಣ’ ಎಂದು ಒಡಹುಟ್ಟಿದ ಅಣ್ಣ ಅಬ್ಷಾಲೋಮ ಆಕೆಯ ಬಾಯಿ ಮುಚ್ಚಿಸುತ್ತಾನೆ. ದಾವೀದ ಸಿಟ್ಟಾಗುತ್ತಾನೆ, ಮಗನನ್ನು ದಂಡಿಸುವುದಿಲ್ಲ. ಎರಡು ವರ್ಷ ಕಳೆದ ಮೇಲೆ ಅದೇ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸುತ್ತಾನೆ. ನಿಮ್ಮ ಮನೆಯ ಹುಡುಗಿ ಇಂಥದ್ದೇನಾದರೂ ಬಾಯಿಬಿಟ್ಟರೆ ಓದು ಅಲ್ಲಿಗೇ ನಿಲ್ಲಲಿ. ಯೋಸೇಫ ತನ್ನನ್ನು ಮಾರಿದ ಅಣ್ಣಂದಿರನ್ನು ಕ್ಷಮಿಸಿದ ಕಥೆ ತೆಗೆದು ಆಕೆಯ ಮೇಲೆ ಹೇರಬೇಡಿ. ಯೋಸೇಫನೂ ಆದಿಕಾಂಡ 42ರಿಂದ 44ನೇ ಅಧ್ಯಾಯದವರೆಗೆ ಅಣ್ಣಂದಿರು ಬದಲಾದರೋ ಎಂದು ಪರೀಕ್ಷಿಸಿ ನೋಡಿದ ಮೇಲೆಯೇ ತಾನು ಯಾರೆಂದು ಹೇಳಿದ. ಹುಡುಗಿಯ ಮಾತು ನಂಬಿ, ಆ ವ್ಯಕ್ತಿಯಿಂದ ಆಕೆಯನ್ನು ದೂರವಿರಿಸಿ. ಮಕ್ಕಳಾದರೆ ಮಕ್ಕಳ ಸಹಾಯವಾಣಿ 1098ಕ್ಕೆ, ದೊಡ್ಡವರಾದರೆ ಮಹಿಳಾ ಸಹಾಯವಾಣಿ 181ಕ್ಕೆ ಅವತ್ತೇ ಫೋನ್ ಮಾಡಿ.