ಹುಬ್ಬಿನ ನಡುವಿನ ಗೆರೆಯನ್ನು ಎಲ್ಲರೂ ಒಂದೇ ಥರ ಅಳೆಯೋದು ಹೇಗೆ: ನನ್ನ ಅನುಭವ

ಮೊದಲ ಸುತ್ತಿನ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದಾಗ ನನಗೆ ಕಂಡದ್ದು ಬರೀ ಕುಂಕುಮ. ನಾನು ಬೆಳಗಾವಿಯಲ್ಲಿ ಚರ್ಮದ ಡಾಕ್ಟರ್. ಹುಬ್ಬುಗಳ ನಡುವೆ ಬೀಳುವ ಗೆರೆಗೆ ಬೊಟುಲಿನಮ್ ಟಾಕ್ಸಿನ್, ಅಂದ್ರೆ ಜನ ಬೊಟಾಕ್ಸ್ ಅನ್ನೋ ಇಂಜೆಕ್ಷನ್, ಕೊಟ್ಟು ಎಷ್ಟು ಕಡಿಮೆಯಾಗುತ್ತೆ ಅಂತ ನೋಡುವ ಸಣ್ಣ ಅಧ್ಯಯನ ನಮ್ಮದು. ಅಳೆಯಬೇಕಾದ ಜಾಗದ ಮೇಲೇ ಕುಂಕುಮ, ಕೆಲವರಿಗೆ ವಿಭೂತಿ. ಅಂಕ ಕೊಡೋದಾದರೂ ಯಾವುದಕ್ಕೆ?

ಮುತ್ತೈದೆಯರಿಗೆ ಕುಂಕುಮ ಅಳಿಸಿ ಅನ್ನೋಕೆ ಆಗುತ್ತಾ? ಆ ಮಾತೇ ಬಾಯಿಗೆ ಬರಲಿಲ್ಲ. ನಮ್ಮ ಸಿಸ್ಟರ್ ಒಬ್ಬರು ದಾರಿ ಹೇಳಿದರು. "ಮುಖ ತೊಳ್ಕೊಂಡು ಬರ್ರಿ ಅಂದ್ರ ಸಾಕ್ರಿ, ಫೋಟೋ ಆದ ಕೂಡ್ಲೇ ಹಚ್ಕೋತಾರ." ಅವತ್ತಿನಿಂದ ಫೋಟೋ ಕೋಣೆಯಲ್ಲಿ ಒಂದು ಕನ್ನಡಿ, ಕುಂಕುಮದ ಭರಣಿ, ವಿಭೂತಿ ಗಟ್ಟಿ ಇಟ್ಟೆವು. ನಮ್ಮ ಲಿಖಿತ ವಿಧಾನದಲ್ಲೂ ಅದನ್ನು ಸೇರಿಸಿದೆವು.

ಆಮೇಲೆ ಬೆಳಕು. ಮೇ ತಿಂಗಳಲ್ಲಿ ಕಿಟಕಿ ಪಕ್ಕ ಕೂರಿಸಿ ತೆಗೆದ ಫೋಟೋದಲ್ಲಿ ಗೆರೆ ಆಳವಾಗಿ ಕಾಣುತ್ತಿತ್ತು. ಜೂನ್ ಕೊನೆಗೆ ಬೆಳಗಾವಿಯ ಜಿಟಿಜಿಟಿ ಮಳೆ ಹಿಡಿಯಿತು, ಮೋಡದ ಮಂದ ಬೆಳಕಿನಲ್ಲಿ ಅದೇ ಗೆರೆ ಅರ್ಧ ಮಾಯ. ಇದನ್ನು ಔಷಧದ ಗುಣ ಅಂತ ಬರೆದುಬಿಟ್ಟಿದ್ದರೆ? ನೆನೆಸಿಕೊಂಡರೆ ಈಗಲೂ ಭಯವಾಗುತ್ತೆ. ಆ ಫೋಟೋಗಳನ್ನೆಲ್ಲ ಬಿಟ್ಟು ಹೊಸದಾಗಿ ಶುರು ಮಾಡಿದೆವು. ಪರದೆ ಮುಚ್ಚಿದೆವು, ಎರಡೂ ಕಡೆ 45 ಡಿಗ್ರಿ ಕೋನದಲ್ಲಿ ಒಂದೊಂದು ಲೈಟ್, ಕುರ್ಚಿಯ ಕಾಲಿಗೆ ನೆಲದಲ್ಲಿ ಟೇಪಿನ ಗುರುತು, ಕ್ಯಾಮೆರಾ ಸ್ಟ್ಯಾಂಡ್ ಮೇಲೆ. ಮೊಬೈಲ್ ಬಿಟ್ಟೇಬಿಟ್ಟೆವು, ಅದು ತಾನಾಗಿಯೇ ಚರ್ಮ ನುಣುಪು ಮಾಡುತ್ತೆ. ಪ್ರತಿಯೊಬ್ಬರಿಗೂ ಎರಡು ಫೋಟೋ: ಸುಮ್ನೆ ಕೂತಾಗ ಒಂದು, ಹುಬ್ಬು ಪೂರ್ತಿ ಗಂಟಿಕ್ಕಿದಾಗ ಒಂದು.

ಇಷ್ಟೆಲ್ಲ ಯಾಕೆ ಅಂದ್ರೆ, ಈ ವಿಷಯದ ಹಳೇ ಅಧ್ಯಯನಗಳನ್ನು ಓದಿದರೆ ಒಂದೊಂದು ಊರಿಗೆ ಒಂದೊಂದು ಸೇರು ಇದ್ದ ಹಾಗಿದೆ. ಒಬ್ಬರು ಮುಖದ ಸುಕ್ಕು ವಿಂಗಡಿಸುವ ಗ್ಲೋಗಾವ್ ಅವರ 4 ಗುಂಪು ಹಿಡಿಯುತ್ತಾರೆ, ಇನ್ನೊಬ್ಬರು 0ಯಿಂದ 4ರ ಅಂಕ (0 ಅಂದ್ರೆ ಗೆರೆಯೇ ಇಲ್ಲ, 4 ಅಂದ್ರೆ ತುಂಬಾ ಆಳ), ಮತ್ತೊಬ್ಬರು ಹಳೇ ಫೋಟೋ ಪಕ್ಕ ಇಟ್ಟು "ತುಂಬಾ ಸುಧಾರಿಸಿದೆ", "ಸುಧಾರಿಸಿದೆ" ಅಂತ ಬರೆಯುತ್ತಾರೆ, ಕೆಲವರು 4 ವಾರಕ್ಕೆ ನೋಡಿದರೆ ಕೆಲವರು 12 ವಾರಕ್ಕೆ. ಇವನ್ನೆಲ್ಲ ಕೂಡಿಸಿ ಯಾವ ಚಿಕಿತ್ಸೆ ಮೇಲು ಅಂತ ಹೇಳೋದು ಹೇಗೆ? ಇಂಥ ಗೊಂದಲ ಬಿಡಿಸಲೆಂದೇ ಬ್ರಿಟನ್ನಿನಲ್ಲಿ 2010ರಲ್ಲಿ ಕೊಮೆಟ್ ಎಂಬ ಪ್ರಯತ್ನ ಶುರುವಾಯಿತು. ಒಂದು ಕಾಯಿಲೆಯ ಎಲ್ಲ ಅಧ್ಯಯನಗಳೂ ಕನಿಷ್ಠ ಇಷ್ಟನ್ನಾದರೂ ಅಳೆಯಲಿ, ವರದಿ ಮಾಡಲಿ ಅನ್ನೋ ಪಟ್ಟಿಗೆ ಕೋರ್ ಔಟ್‌ಕಮ್ ಸೆಟ್ ಅಂತ ಹೆಸರು. ಮುಖದ ವಯಸ್ಸಿನ ಗುರುತುಗಳ ಚಿಕಿತ್ಸೆಗೂ ಇಂಥ ಪಟ್ಟಿ ಮಾಡುವ ಯೋಜನೆಯೊಂದು 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ: ಯಾವುದು ಮುಖ್ಯ ಅಂತ ಡಾಕ್ಟರರ ಜೊತೆಗೆ ರೋಗಿಗಳನ್ನೂ ಕೇಳುವುದು.

ನಾವೂ ಕೇಳಿದೆವು. ಬೈಲಹೊಂಗಲ ಕಡೆಯ ಒಬ್ಬ ತಾಯಿ ಹೇಳಿದ್ದು ನನ್ನ ನೋಟ್‌ಬುಕ್‌ನಲ್ಲಿ ಹಾಗೇ ಇದೆ. "ಗೆರಿ ಇದ್ರ ಇರವಲ್ದ್ಯಾಕ ಡಾಕ್ಟ್ರ, ನಾ ಸುಮ್ನ ಕುಂತ್ರೂ ಸೊಸಿ ಯಾಕ ಸಿಟ್ಟಾಗೀರಿ ಅಂತಾಳ್ರಿ." ನಮ್ಮ 0ಯಿಂದ 4ರ ಅಂಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. "ಸುಮ್ಮನೆ ಕೂತಾಗ ಸಿಟ್ಟಿನಲ್ಲಿರುವ ಹಾಗೆ ಕಾಣುತ್ತೀರಾ?" ಅನ್ನೋ ಪ್ರಶ್ನೆಯನ್ನು ಬೇರೆಯಾಗಿ ಸೇರಿಸಿದೆವು.

ಆದರೆ ಯಾರು ಕೇಳಬೇಕು ಅನ್ನೋದೂ ಮುಖ್ಯ. ಇಂಜೆಕ್ಷನ್ ಕೊಟ್ಟ ನಾನೇ ಕೇಳಿದರೆ ಎಲ್ಲರೂ "ಛಲೋ ಆಗೇತ್ರಿ" ಅಂತಾರೆ. ನಮ್ಮ ಜನ ಡಾಕ್ಟರ ಮನಸ್ಸು ನೋಯಿಸಲ್ಲ. ಹಾಗಾಗಿ ಚಿಕಿತ್ಸೆಗೆ ಸಂಬಂಧವೇ ಇಲ್ಲದ ಒಬ್ಬರನ್ನು ಬೇರೆ ಕೋಣೆಯಲ್ಲಿ ಕೂರಿಸಿದೆವು. ಅವರ ಮುಂದೆ ಉತ್ತರಗಳು ಬದಲಾದವು.

ಅಂಕ ಹಾಕಲು ಇಬ್ಬರು ಡಾಕ್ಟರು. ಹೆಸರು, ತಾರೀಖು ಮರೆಮಾಡಿ, ಮೊದಲು ಯಾವುದು ನಂತರ ಯಾವುದು ಗೊತ್ತಾಗದ ಹಾಗೆ ಫೋಟೋ ಕಲೆಸಿ ಕೊಟ್ಟೆ. ಅಭ್ಯಾಸದ ಮೊದಲ ದಿನ ಇಬ್ಬರ ಅಂಕ ಸುಮಾರು ಸಲ ಕೂಡಲಿಲ್ಲ, 2 ಮತ್ತು 3ರ ನಡುವೆಯೇ ಜಾಸ್ತಿ ಜಗಳ. ಪ್ರತಿ ಅಂಕಕ್ಕೂ ಒಂದು ಮಾದರಿ ಫೋಟೋ ಗೋಡೆಗೆ ಅಂಟಿಸಿ ಮತ್ತೆ ಕೂರಿಸಿದೆ. ಇಬ್ಬರ ಒಪ್ಪಿಗೆ ಎಷ್ಟು ಅಂತ ಕಪ್ಪಾ ಲೆಕ್ಕ ಹಾಕಿದೆ. ಅದು 1 ಬಂದರೆ ಪೂರ್ತಿ ಒಪ್ಪಿಗೆ, 0 ಬಂದರೆ ಆಕಸ್ಮಿಕವಾಗಿ ಕೂಡುವಷ್ಟೇ. ಇಬ್ಬರೂ ಚೆನ್ನಾಗಿ ಕೂಡಿದ ಮೇಲಷ್ಟೇ ನಿಜವಾದ ಫೋಟೋ ಕೊಟ್ಟೆ.

30ನೇ ದಿನ ಆ ತಾಯಿಯ ಅಂಕ ಇಳಿದದ್ದು ಒಂದೇ ಹಂತ. ಪ್ರಶ್ನೆಗೆ ಕೊಟ್ಟ ಉತ್ತರ ಬೇರೆ: "ಈಗ ಸೊಸಿ ಕೇಳೂದಿಲ್ಲರಿ." ಎರಡನ್ನೂ ಬೇರೆ ಬೇರೆಯಾಗಿಯೇ ವರದಿ ಮಾಡಿದೆವು.

ಮುಂದಿನ ಅಧ್ಯಯನಕ್ಕೆ ಏನೇನು ಅಳೆಯುತ್ತೇವೆ ಅನ್ನೋ ಪಟ್ಟಿಯನ್ನು ಮೊದಲ ರೋಗಿ ಬರುವ ಮುಂಚೆಯೇ ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆಯಾದ ಸಿಟಿಆರ್‌ಐ ನೋಂದಣಿಯಲ್ಲಿ ಬರೆದಿದ್ದೇವೆ, ಯಾವ ದಿನ ಅಳೆಯುತ್ತೇವೆ ಅನ್ನೋದೂ ಸೇರಿ. ಬಾಗಲಕೋಟೆ, ವಿಜಯಪುರದಲ್ಲಿ ಇದೇ ಕೆಲಸ ಮಾಡುತ್ತಿರುವವರು ದಯವಿಟ್ಟು ಇದೇ ಅಂಕ, ಇದೇ ದಿನ, ಇದೇ ಪ್ರಶ್ನೆ ಇಟ್ಟುಕೊಳ್ಳಿ. ಕುರ್ಚಿಯ ಟೇಪಿನ ಅಳತೆ, ಲೈಟಿನ ಎತ್ತರ ಎಲ್ಲ ನಾನು ಕೊಡುತ್ತೇನೆ, ಆಗ ಮೂರೂ ಊರಿನ ಲೆಕ್ಕ ಒಂದೇ ಹಾಳೆಯಲ್ಲಿ ಕೂಡಿಸಬಹುದು.